ಬೂಷ್ಟಿನ ಕೊಕ್ಕು

ಅಥವಾ ಹಾಗೆ ನಡೆದೇ ಇರಲಿಲ್ಲವೋ ಏನೋ. ವರ್ಷಗಟ್ಟಲೆ ಹೇಳಿ ಹೇಳಿ ನಾನೇ ನುಣುಪು ಮಾಡಿದ ಕಥೆಯಿದು. ಇಷ್ಟು ನುಣುಪಾದ ನೆನಪನ್ನು ನಂಬಬಾರದೆಂಬ ಬುದ್ಧಿ ನನಗೆ ಬಂದದ್ದು ನಿವೃತ್ತಿಯಾದ ಮೇಲೆ, ಅಂದರೆ ಯಾರಿಗೂ ಉಪಯೋಗವಿಲ್ಲದ ಹೊತ್ತಿಗೆ. ಕಥೆ ನಡೆದ ಕಾಲಕ್ಕೆ ಚಿಕ್ಕೋಡಿಯ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದೆ. ಬರಿಗಣ್ಣಿಗೆ ಮಸಿಯಂತೆ ಕಾಣುವ ಒಂದು ಬೂಷ್ಟಿದೆ. ತಂಬಾಕಿನ ಎಲೆಯ ಮೇಲೂ ಟೊಮ್ಯಾಟೊ ಎಲೆಯ ಮೇಲೂ ಕಂದು ಉಂಗುರ ಬರೆಯುವುದು ಅದರ ಉದ್ಯೋಗ. ಸೂಕ್ಷ್ಮದರ್ಶಕದಲ್ಲಿ ಅದರ ಬೀಜಕ ತಲೆಕೆಳಗಾದ ಗದೆಯಂತೆ. ಒಳಗೆ ಅಡ್ಡ ಗೋಡೆ, ಉದ್ದ ಗೋಡೆ, ಅಣ್ಣತಮ್ಮಂದಿರು ಜಗಳವಾಡಿ ಪಾಲು ಮಾಡಿಕೊಂಡ ಮನೆಯ ಹಾಗೆ. ತುದಿಗೆ ಕೊಕ್ಕು. ಕೊಕ್ಕಿದ್ದರೆ ಆಲ್ಟರ್ನೇರಿಯಾ ಕುಲ, ಇಲ್ಲದಿದ್ದರೆ ಯುಲೋಕ್ಲೇಡಿಯಂ. ಕೂದಲಿಗಿಂತ ತೆಳ್ಳಗಿನ ಈ ಕೊಕ್ಕಿಗಾಗಿ ವಿದ್ವಾಂಸರು ಆಯುಷ್ಯ ಸವೆಸಿ, ಒಬ್ಬರನ್ನೊಬ್ಬರು ಚೆನ್ನಾಗಿ ಕುಟುಕಿದ್ದಾರೆ. ನಿಪ್ಪಾಣಿ ತವರಿನ ನನ್ನ ಹೆಂಡತಿಯ ವರ್ಗೀಕರಣ ಇದಕ್ಕಿಂತ ಗಟ್ಟಿ: ಉಪ್ಪಿನಕಾಯಿಯ ಮೇಲೆ ಬಂದರೆ ಬೂಷ್ಟು, ಬ್ರೆಡ್ಡಿನ ಮೇಲೆ ಬಂದರೆ ಮರಾಠಿಯ ಬುರಶಿ, ನನ್ನ ಪುಸ್ತಕಗಳ ಮೇಲೆ ಬಂದರೆ “ಛಲೋ ಆತು.”

ಕಥೆಗೆ ಬರುತ್ತೇನೆ. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ನಿಪ್ಪಾಣಿಯ ಸುರೇಖಾ ಎಂಬ ವಿದ್ಯಾರ್ಥಿನಿ ಕೊಕ್ಕಿಲ್ಲದ ಬೀಜಕದ ಚಿತ್ರ ಬರೆದು, ಕೆಳಗೆ ಆಲ್ಟರ್ನೇರಿಯಾ ಎಂದು ಹೆಸರಿಟ್ಟಳು. ಕೊಕ್ಕೆಲ್ಲಿ ಎಂದು ಕೇಳಿದೆ. “ಇದಿನ್ನಾ ಮರಿ ಐತ್ರಿ ಸರ್, ಚೋಚ ಮೂಡಿಲ್ಲ” ಎಂದಳು. ಚೋಚ ಎಂದರೆ ಮರಾಠಿಯಲ್ಲಿ ಕೊಕ್ಕು. ಪ್ರಯೋಗಶಾಲೆಯೆಲ್ಲ ನಕ್ಕಿತು, ನಾನು ಸೊನ್ನೆ ಹಾಕಿದೆ. ಮುಂದಿನ ಪ್ರತಿ ತರಗತಿಗೂ ಈ ಮರಿಯ ಕಥೆ ಹೇಳಿ ನಗಿಸಿದೆ. ಧಾರವಾಡದಲ್ಲಿ ಎಂ.ಎಸ್ಸಿ. ಓದಬೇಕೆಂದಿದ್ದವಳಿಗೆ ಆ ಸೊನ್ನೆಯಿಂದ ಸೀಟು ತಪ್ಪಿತೆಂಬ ಭಾಗವನ್ನು ಮಾತ್ರ ಬಿಡುತ್ತಿದ್ದೆ. ಅದರಿಂದ ಹಾಸ್ಯ ಕೆಡುತ್ತಿತ್ತು.

ಆಮೇಲೆ ಅದೇ ಪಂಡಿತ ಮಂಡಳಿ ಬೂಷ್ಟಿನ ವಂಶವಾಹಿಗಳನ್ನು ಓದಿ, ಕೊಕ್ಕು ಲೆಕ್ಕಕ್ಕಿಲ್ಲ, ಎರಡೂ ಕುಲ ಒಂದೇ, ಎಲ್ಲವೂ ಆಲ್ಟರ್ನೇರಿಯಾ ಎಂದುಬಿಟ್ಟಿತು. ನಾವು ಸೊನ್ನೆ ಹಾಕಿದವರು ಏನು ಮಾಡಬೇಕೆಂದು ಯಾರೂ ಬರೆಯಲಿಲ್ಲ.

ಈ ವರ್ಷ ನಮ್ಮ ಮಾಳಿಗೆಯ ಮೇಲಿನ ಟೊಮ್ಯಾಟೊ ಗಿಡಗಳಿಗೆ ಕಂದು ಉಂಗುರ ಬಂತು. ಎಂಟು ದಿನ ಭೂತಗನ್ನಡಿ ಹಿಡಿದು ಅಧ್ಯಯನ ಮಾಡಿದೆ. ಅಷ್ಟರಲ್ಲಿ ಎರಡು ಗಿಡ ಒಣಗಿದವು. ಹೆಂಡತಿಯ ತವರಿಗೆ ಹೋದಾಗ ಒಂದು ಎಲೆಯನ್ನು ನಿಪ್ಪಾಣಿಯ ಕೀಟನಾಶಕದ ಅಂಗಡಿಗೆ ಒಯ್ದೆ. ಹಣದ ಗಲ್ಲೆಯ ಮೇಲೆ ಕೂತಿದ್ದವಳು ಸುರೇಖಾ. ನನ್ನನ್ನು ಗುರುತಿಸಿ, ಕುರ್ಚಿ ಕೊಟ್ಟು, ಚಹಾ ತರಿಸಿದಳು. ಎಲೆಯನ್ನು ಒಮ್ಮೆ ತಿರುಗಿಸಿ ನೋಡಿ ಒಂದು ಪೊಟ್ಟಣ ಮುಂದಿಟ್ಟಳು. ಯಾವ ಪ್ರಭೇದವೆಂದು ನೋಡಬೇಡವೇ ಎಂದೆ.

“ಯಾವದರ ಇರ್ಲಿ ಬಿಡ್ರಿ ಸರ್. ಔಷಧಕ್ಕ ಚೋಚ ಕಾಣಂಗಿಲ್ಲ.”

ಇದೇ ಸಮಯವೆಂದು ಎರಡು ಕುಲ ಒಂದಾದ ಸುದ್ದಿ ಹೇಳಿದೆ. ನೀನು ಬರೆದ ಹೆಸರೇ ಈಗ ಸರಿಯಾಯಿತು ಎಂದೆ, ಅಂಕ ಹೆಚ್ಚಿಸಿ ಕೊಡುವವನ ಗತ್ತಿನಲ್ಲಿ. ಮರಿಯ ಮಾತನ್ನೂ ನೆನಪಿಸಿ ನಾನೊಬ್ಬನೇ ನಕ್ಕೆ. ಆಕೆ ಗಿರಾಕಿಯೊಬ್ಬನಿಗೆ ಚಿಲ್ಲರೆ ಕೊಟ್ಟು ಕಳಿಸಿ ನನ್ನ ಕಡೆ ತಿರುಗಿದಳು.

“ಮರಿ ಅಂದಾವ್ರು ನೀವ್ರಿ ಸರ್. ನಾ ಚಿತ್ರದಾಗ ಚೋಚ ಬರದಿದ್ನಿ, ಸಣ್ಣದ ಇತ್ತು. ಮೈಕ್ರೋಸ್ಕೋಪಿನಾಗ ಒಮ್ಮೆ ಬಗ್ಗಿ ನೋಡ್ರಿ ಅಂತ ಎರಡ ಸಲ ಅಂದ್ನಿ. ನೀವು ನಗಾಕತ್ತಿದ್ರಿ.”

ಚಹಾ ಆರಿತ್ತು, ಕುಡಿದೆ. ಆಕೆಯ ನೆನಪೂ ನನ್ನದರಷ್ಟೇ ನುಣುಪಾಗಿರಬಹುದೆಂದು ಬಸ್ಸಿನಲ್ಲಿ ವಾದ ಹೂಡಿದೆ. ಚಿಕ್ಕೋಡಿ ಬರುವ ಮೊದಲೇ ಸೋತೆ. ಉಳಿದ ಗಿಡಗಳು ಬದುಕಿವೆ, ಕಾಯಿ ಬಿಟ್ಟಿವೆ. ಮರಿ ಎಂದವರು ಯಾರೋ ತಿಳಿಯದು. ಆ ದಿನ ಗಾಜಿನ ಮೇಲಿದ್ದ ಬೀಜಕಕ್ಕೆ ಕೊಕ್ಕಿತ್ತೋ ಇಲ್ಲವೋ, ಅದೂ ನನಗೆ ಗೊತ್ತಿಲ್ಲ. ನಾನು ಬಗ್ಗಿ ನೋಡಿರಲಿಲ್ಲ.