ಕೊಕ್ಕನೂರಿನ ಕೆಸರೂ ನನ್ನ ಲೆಕ್ಚರೂ

ಮಾವನ ಮನೆಗೆ ಬಸ್ಸಿನಲ್ಲಿ ಹೋದ ಅಳಿಯನಿಗೂ ಕಾರಿನಲ್ಲಿ ಹೋದ ಅಳಿಯನಿಗೂ ಎಲೆಗೆ ಬೀಳುವ ತುಪ್ಪದಲ್ಲಿ ವ್ಯತ್ಯಾಸವಿದೆ. ಈ ಸತ್ಯವನ್ನರಿತೇ, ನಯಾಪೈಸೆ ಬಂದ ವರ್ಷ, ನಾನೊಂದು ಹಳೇ ಕಾರು ಕೊಂಡೆ. ಬಾಮೈದ ಮಾರಣ್ಣನ ಮದುವೆಯ ಬೆಳಿಗ್ಗೆ ದಾವಣಗೆರೆಯಿಂದ ಸವಾರಿ ಹೊರಟಿತು. ಸಾರಥಿ ನಾನು, ಪಕ್ಕದಲ್ಲಿ ಧರ್ಮಪತ್ನಿ ತಿಮ್ಮವ್ವ, ಅವಳ ಮಡಿಲಲ್ಲಿ ಮಾರಣ್ಣನಿಗೆ ಕಟ್ಟಬೇಕಾದ ಬಾಸಿಂಗ.

ಹರಿಹರ ದಾಟುವವರೆಗೆ ನಾನೇ ಮಹಾರಾಜ. ಮಾವನ ಊರಾದ ಕೊಕ್ಕನೂರಿನ ಎರೆಮಣ್ಣಿನ ದಾರಿಗೆ ಇಳಿದದ್ದೇ ತಡ, ಹಿಂದಿನ ಎಡಗಾಲಿ ಕೆಸರಿನಲ್ಲಿ ಕೂತಿತು. ಎಕ್ಸಿಲೇಟರ್ ಒತ್ತಿದರೆ ಅದೊಂದೇ ಗಿರ್ರನೆ ತಿರುಗುತ್ತದೆ. ಗಟ್ಟಿ ನೆಲದ ಮೇಲಿದ್ದ ಬಲಗಾಲಿ ಅಲುಗಾಡಲೊಲ್ಲದು.

"ಇದೇನ್ರಿ, ಒಂದು ಕುಣೀತೈತೆ, ಒಂದು ಕುಂತೈತೆ?"

(ಕೇಳುವವರು ಸಿಕ್ಕರೆ ನಾನು ಹೊತ್ತುಗೊತ್ತು ನೋಡುವವನಲ್ಲ.) "ನೋಡು ತಿಮ್ಮಿ, ಎರಡು ಗಾಲಿ ನಡುವೆ ಡಿಫರೆನ್ಷಿಯಲ್ ಅಂತ ಐತೆ. ತಿರುವಿನಾಗೆ ಹೊರಗಿನ ಗಾಲಿ ಜಾಸ್ತಿ ಓಡ್ಬೇಕಲ್ಲ, ಅದಕ್ಕೆ ಎರಡನ್ನೂ ಅವುಗಳ ಪಾಡಿಗೆ ಬಿಡ್ತದೆ. ಆದ್ರೆ ಒಂದು ಜಾರಿತೋ, ಅದನ್ನೇ ತಿರುಗಿಸ್ತಾ ಕೂರ್ತದೆ. ಅಮೆರಿಕದಾಗೆ ಈಗ ಲಿಮಿಟೆಡ್ ಸ್ಲಿಪ್ ಅಂತ ಬಂದೈತೆ. ಒಳಗೆ ಬಿಲ್ಲೆಗಳು ಇರ್ತವೆ. ಜಾರೋ ಗಾಲೀನ ಅವು ಉಜ್ಜಿ ತಡೀತವೆ, ಬಲ ಇನ್ನೊಂದಕ್ಕೆ ದಾಟ್ತದೆ."

"ಅಂದ್ರೆ ಹಾರಾಡೋರನ್ನ ಹಿಡಿಯೋರು ಒಬ್ರು ಬೇಕು. ನಮ್ಮನೇಲಿ ನಾನಿಲ್ವಾ, ಹಂಗೆ. ಮುಹೂರ್ತ ಮೀರ್ತೈತೆ, ಇಳಿದು ತಳ್ರಿ!"

ಅವಳಿಗೆ ಸ್ಟೀರಿಂಗ್ ಒಪ್ಪಿಸಿ (ಮೈದಾನದಲ್ಲಿ ನಾನೇ ಒಂದಿಷ್ಟು ಕಲಿಸಿದ್ದೆ) ಹಿಂದೆ ನಿಂತು ತಳ್ಳಿದೆ. ಕಾರು ಗುಡುಗಿತು, ತಿಮ್ಮವ್ವ ಚೀರಿದಳು, ಏನಾಯಿತೋ ಕಾಣೆ, ಕಾರು ಕೆಸರಿನಿಂದ ಎದ್ದೇಬಿಟ್ಟಿತು. ಆ ಕೆಸರೆಲ್ಲ ನನ್ನ ರೇಷ್ಮೆ ಪಂಚೆಗೆ ಬಂತು.

ಮದುವೆ ಚಪ್ಪರದ ಮುಂದೆ ನನ್ನ ಅವತಾರ ನೋಡಿ ಮಾವ ಕಲ್ಲಪ್ಪನವರು ಬಾಯಿ ತೆರೆಯುವಷ್ಟರಲ್ಲಿ ತಿಮ್ಮವ್ವನೇ ಹೇಳಿದಳು: "ಇವ್ರು ಇದ್ದಿದ್ದಕ್ಕೆ ಬಂದ್ವಿ ಅಪ್ಪಾ. ಹೂತ ಕಾರು ಎತ್ತೋದ್ರಾಗೆ ಇವ್ರನ್ನ ಬಿಟ್ರೆ ಇನ್ನೊಬ್ರಿಲ್ಲ." ನನ್ನ ಮಾನ ಕಾಯ್ದ ಅವಳ ಮೇಲೆ ಪ್ರೀತಿ ಉಕ್ಕಿತು.

ಮಾವನ ಹೊಸ ಪಂಚೆ ಉಟ್ಟು ತಿಂಡಿಗೆ ಕೂತೆ. ಅಷ್ಟರಲ್ಲಿ ಸುದ್ದಿ ಬಂತು: ಮದುಮಗಳು ಕೂತ ಕಾರು ಅದೇ ಕೆಸರಿನಲ್ಲಿ ಹೂತಿದೆ!

"ಚಿಂತೆ ಯಾಕ್ರಿ? ನಮ್ಮ ಅಳಿಯಂದ್ರು ಅದಾರೆ!" ಎಂದು ಮಾವ ನನ್ನ ರಟ್ಟೆ ಹಿಡಿದು ಎಬ್ಬಿಸಿದರು. ಇಡೀ ಚಪ್ಪರ ನನ್ನನ್ನೇ ನೋಡುತ್ತಿತ್ತು.

ಅಡುಗೆಮನೆಯ ಬಾಗಿಲಿಗೆ ಓಡಿ ಪಿಸುಗುಟ್ಟಿದೆ: "ತಿಮ್ಮಿ, ಅಲ್ಲಿ ಏನ್ ಮಾಡ್ದೆ ನೀನು?"

"ಹೆದರಿಕೆ ಆತು, ಹ್ಯಾಂಡ್ ಬ್ರೇಕ್ ಎಳೆದೆ. ಕಾಲು ಎಕ್ಸಿಲೇಟರ್ ಮ್ಯಾಲೇ ಉಳೀತು."

ಈಗ ಹೊಳೆಯಿತು. ಬ್ರೇಕು ಜಾರುವ ಗಾಲಿಯ ಸೊಕ್ಕು ಮುರಿದಿತ್ತು, ಬಲ ಇನ್ನೊಂದಕ್ಕೆ ದಾಟಿತ್ತು. ಅಮೆರಿಕದ ಬಿಲ್ಲೆಗಳ ಕೆಲಸವನ್ನು ನನ್ನ ಹೆಂಡತಿಯ ಗಾಬರಿ ಮಾಡಿತ್ತು.

"ಎಷ್ಟು ಎಳೆದೆ?"

"ಹೆದರಿಕೆ ಆದಷ್ಟು."

ಈ ಅಳತೆ ನನಗೆ ತಿಳಿಯದು. ಅವಳನ್ನೇ ಕರೆದೊಯ್ದು ಮದುಮಗಳ ಕಾರಿನ ಸ್ಟೀರಿಂಗಿಗೆ ಕೂರಿಸಿದೆ. ಮಾವನ ಹೊಸ ಪಂಚೆ ಎತ್ತಿ ಕಟ್ಟಿ, ಎರಡೂ ಕಡೆಯ ಬೀಗರ ಎದುರು, ಮತ್ತೆ ಕಾರಿನ ಹಿಂದೆ ನಿಂತೆ.

ತಿಮ್ಮವ್ವ ಕಿಟಕಿಯಿಂದ ತಲೆ ಹಾಕಿ ಕೂಗಿದಳು: "ತಳ್ರಿ! ನಾನು ಹೆದರ್ಕಂತೀನಿ!"