ಪರದೇಶದ ಅಂಗಡಿಯ ಪಾರ್ಸಲ್ ಅಕ್ಕ

ಮಂದಿಯ ಮನೆ ಬಾಗಿಲು ಬಡಿಯುವವರು ನಗು ಹುಡುಕಿಕೊಂಡು ಹೋಗಬೇಕಾಗಿಲ್ಲ. ಬಾಗಿಲು ತೆಗೆದರೆ ಅದೇ ಎದುರಿಗೆ ಬರುತ್ತದೆ. ನಾನು ಸವದತ್ತಿ, ಯರಗಟ್ಟಿ, ಮುನವಳ್ಳಿ ಕಡೆ ಸ್ಕೂಟಿ ಮೇಲೆ ಪಾರ್ಸಲ್ ಹಂಚುತ್ತೇನೆ. ಮೊಬೈಲಿನಲ್ಲೇ ನಡೆಯುವ ಪರದೇಶದ ಅಂಗಡಿಯೊಂದು ಈ ಕಡೆ ಕಾಲಿಟ್ಟ ಹೊಸದರಲ್ಲಿ ವಾರಕ್ಕೆ ನಾಲ್ಕು ಪಾರ್ಸಲ್ ಬಂದರೆ ಹೆಚ್ಚು. ಈಗ ದಿನಾ ಎರಡು ಚೀಲ. ನನ್ನ ಹೆಸರು ಯಾರಿಗೂ ಗೊತ್ತಿಲ್ಲ. ಎಲ್ಲರಿಗೂ ನಾನು ಪಾರ್ಸಲ್ ಅಕ್ಕ.

ಫೋಟೊ

ಪಾರ್ಸಲ್ ಮುಟ್ಟಿದ್ದಕ್ಕೆ ಸಾಕ್ಷಿಯಾಗಿ ಬಾಗಿಲಲ್ಲಿಟ್ಟು ಫೋಟೊ ತೆಗೆದು ಕಳಿಸಬೇಕು. ಯರಗಟ್ಟಿಯ ಒಂದು ಮನೆಯಲ್ಲಿ ಮೊಬೈಲ್ ಎತ್ತಿದೆ. ಅಲ್ಲಿಯ ಅಜ್ಜಿ "ತಡಿಯವಾ" ಎಂದು ಒಳಗೆ ಹೋಗಿ ಇಳಕಲ್ ಸೀರೆ ಉಟ್ಟು ಬಂದರು. ಹಿಂದೆಯೇ ಸೊಸೆ, ಮೊಮ್ಮಕ್ಕಳು, ಪಕ್ಕದ ಮನೆಯವರೂ ಬಂದು ಸಾಲಾಗಿ ನಿಂತರು. ಬೇಡ ಅನ್ನಲು ಮನಸ್ಸಾಗಲಿಲ್ಲ. ಸಂಜೆ ಆಫೀಸಿನ ಸಾಹೇಬರ ಫೋನ್: "ಎಲ್ಲಾರೂ ಛಲೋ ಬಂದಾರವಾ. ಪಾರ್ಸಲ್ ಎಲ್ಲೈತಿ?"

ಗುಟ್ಟು

ಮುನವಳ್ಳಿಯ ನಿವೃತ್ತ ಮಾಸ್ತರರೊಬ್ಬರು ತಮ್ಮ ಮೊಬೈಲಿಗೆ ಬಂದ ನಾಲ್ಕಂಕಿಯ ಒಟಿಪಿ ಹೇಳಿದರೆ ಮಾತ್ರ ನಾನು ಪಾರ್ಸಲ್ ಕೊಡಬಹುದಿತ್ತು.

"ಯಾರಿಗೂ ಹೇಳಬ್ಯಾಡ್ರಿ ಅಂತ ಬ್ಯಾಂಕಿನವರು ಹೇಳ್ಯಾರ. ನಾ ಹೇಳಾಂಗಿಲ್ಲ."

"ಹಂಗಾರ ವಾಪಸ್ ಒಯ್ಯಬೇಕಾಕ್ಕೈತ್ರಿ ಸರ್."

ಮಾಸ್ತರರು ಕನ್ನಡಕ ಏರಿಸಿಕೊಂಡರು. "ಒಂದು ಕೆಲಸ ಮಾಡು. ನೀ ಒಂದೊಂದು ಅಂಕಿಗೂ ಸೊನ್ನಿಯಿಂದ ಎಣಸು. ಬರೋಬ್ಬರಿ ಅಂಕಿ ಬಂದಾಗ ನಾ ತಲಿ ಅಲ್ಲಾಡಸ್ತೇನಿ."

ಎಣಿಸಿದೆ. ನಾಲ್ಕು ಸಲ ತಲೆ ಅಲ್ಲಾಡಿತು. ಪಾರ್ಸಲ್ ಇಸಕೊಂಡು ಸಮಾಧಾನದಿಂದ ಹೇಳಿದರು: "ನೋಡವಾ, ಹೇಳಾಂಗಿಲ್ಲಂದ್ರ ಹೇಳಾಂಗಿಲ್ಲ."

ಕುರ್ಚಿ

ಸವದತ್ತಿಯಲ್ಲಿ ಮೊಣಕಾಲು ನೋವಿದ್ದ ಒಬ್ಬ ಹಿರಿಯಮ್ಮ ಚಿತ್ರ ನೋಡಿ ಕುರ್ಚಿ ತರಿಸಿದ್ದರು. ಡಬ್ಬಿ ಬಿಚ್ಚಿದರೆ ಅಂಗೈಯಷ್ಟು ಕುರ್ಚಿ, ಗೊಂಬೆ ಆಟದ್ದು. ನನಗೇ ಸಂಕಟವಾಗಿ, "ವಾಪಸ್ ಕಳಸೂಣ್ರಿ ಅಮ್ಮಾರ" ಎಂದೆ. ಅವರು ಅದನ್ನು ಸೆರಗಿನಿಂದ ಒರೆಸಿ, ದೇವರ ಜಗಲಿ ಮೇಲೆ ನಿಂತಿದ್ದ ಸಣ್ಣ ದೇವಿಯ ಹಿಂದೆ ಇಟ್ಟರು.

"ಇರಲಿ ಬಿಡು. ಅಕಿಗೂ ನಿಂತ ನಿಂತ ಸಾಕಾಗಿರತೈತಿ."

ಕಿವಿ ಮಷಿನ್

ನವಿಲುತೀರ್ಥದ ಹತ್ತಿರದ ಹೊಲಮನೆಯ ಅಜ್ಜ ತಮ್ಮ ಹೆಂಡತಿಗೆ ಕಿವಿ ಮಷಿನ್ ತರಿಸಿದ್ದರು. ಆಕೆಗೆ ಐದಾರು ವರ್ಷದಿಂದ ಏನೂ ಕೇಳುತ್ತಿರಲಿಲ್ಲ. ಮೂರು ವಾರ ಅಜ್ಜ ದಿನಾ ನನಗೆ ಫೋನ್ ಮಾಡಿ, "ಎಲ್ಲಿಗೆ ಬಂತವಾ?" ಎಂದು ಕೇಳುತ್ತಿದ್ದರು.

ಒಯ್ದು ಕೊಟ್ಟಾಗ ಅವರೇ ಅವಸರದಿಂದ ಡಬ್ಬಿ ಬಿಚ್ಚಿದರು. ನಾನೇ ಅಜ್ಜಿಯ ಕಿವಿಗೆ ಹಾಕಿದೆ. ಅಜ್ಜ ಹತ್ತಿರ ಬಂದು, "ಕೇಳಸ್ತೈತೇನ?" ಎಂದರು. ಅಜ್ಜಿ ಎಂದಿನಂತೆ ಅವರ ಬಾಯಿಯನ್ನೇ ನೋಡುತ್ತಿದ್ದರು. ಅಜ್ಜನ ಮುಖ ಸಣ್ಣದಾಯಿತು. ನಾನು ಮಷಿನಿನ ಸಣ್ಣ ಚಕ್ರ ತಿರುವಿದೆ. ಮತ್ತೊಮ್ಮೆ ಕೇಳಿದರು. ಅಜ್ಜಿಯ ಕಣ್ಣು ಅರಳಿತು. "ಕೇಳಸ್ತೈತ್ರಿ."

ಅಜ್ಜ ಟವೆಲ್ಲಿನಿಂದ ಕಣ್ಣೊರೆಸಿಕೊಂಡು ಅಲ್ಲೇ ಕುಳಿತರು. ಕುಳಿತವರೇ ಮಾತು ಶುರು ಮಾಡಿದರು. ಎಮ್ಮೆ ಈದದ್ದು, ಕರು ಹಾಲು ಕುಡಿಯದಿದ್ದದ್ದು, ಮತ್ತೆ ಕುಡಿದದ್ದು. ಅಜ್ಜಿ ಅವರ ಕೈ ಹಿಡಿದುಕೊಂಡು ಕಾಲು ತಾಸು ಕೇಳಿದರು. ಆಮೇಲೆ ಕೈ ಬಿಡದೆಯೇ ನನ್ನ ಕಡೆ ತಿರುಗಿ ಹೇಳಿದರು:

"ಇಷ್ಟ ವರ್ಷ ಇವರ ಬಾಯಿ ಅಲ್ಲಾಡೂದು ನೋಡಿ, ನನಗ ಏನೋ ಛಲೋ ಛಲೋ ಮಾತು ಹೇಳಾಕತ್ತಾರ ಅನ್ಕೊಂಡಿದ್ನೆವಾ. ಬರೇ ಎಮ್ಮಿ ಸುದ್ದಿನ ಆಗಿತ್ತೇನ?"