ಹಲಗೆಯ ಮೇಲೆ ನಾನು ಮೀನು ಸುಟ್ಟದ್ದು

ಅಡುಗೆ ಬಾರದ ಗಂಡಸರಲ್ಲಿ ಎರಡು ಬಗೆ. ತಮಗೆ ಬಾರದೆಂದು ಒಪ್ಪಿಕೊಳ್ಳುವವರು ಒಂದು ಬಗೆ. ಹೆಂಡತಿ ತವರಿಗೆ ಹೋಗುವ ದಿನದವರೆಗೂ ತಮಗೆ ಬರುತ್ತದೆಂದೇ ತಿಳಿದುಕೊಂಡವರು ಇನ್ನೊಂದು ಬಗೆ. ನಾನು ಈ ಎರಡನೆಯ ಗುಂಪಿಗೆ ಸೇರಿದವನು. ಒಮ್ಮೆ ನನ್ನ ಹೆಂಡತಿ ಗೌರಕ್ಕ ಲಿಂಗನೂರಿನ ತನ್ನ ತವರಿಗೆ ಹೋದಾಗ ಹುರುಪಿನಿಂದ ಜೋಳದ ರೊಟ್ಟಿ ತಟ್ಟಲು ಕುಳಿತೆ. ಆ ರೊಟ್ಟಿ ನಮ್ಮ ಕಡೆಯ ಸಂಸ್ಥಾನಗಳ ನಕಾಶೆಯಂತೆ ಅಲ್ಲೊಂದು ತುಂಡು, ಇಲ್ಲೊಂದು ತುಂಡು ಆಗಿ, ನಡುವೆ ಯಾರದೋ ಸರಹದ್ದು ಬಂದು ಹಂಚಿನ ತುಂಬ ಹರಡಿಕೊಂಡಿತು. ಅಂದು ಬೆಲ್ಲ ತಿಂದು ನೀರು ಕುಡಿದು ಮಲಗಿದೆ. ಹೀಗಿರುವ ನನಗೂ ಈ ಜಗತ್ತಿನಲ್ಲಿ ಒಂದೇ ಒಂದು ಅಡುಗೆ ಬರುತ್ತದೆ. ಅದು ಹಲಗೆಯ ಮೇಲೆ ಸುಟ್ಟ ಮೀನು. ಕೊರಳಲ್ಲಿ ಲಿಂಗವಿರುವ, ಸಾಂಗಲಿ ಪೇಟೆಯಲ್ಲಿ ತಂದೆಯ ಕಾಲದಿಂದ ಅರಿಶಿನದ ಅಂಗಡಿ ನಡೆಸಿಕೊಂಡು ಬಂದ, ಮೊಟ್ಟೆಯನ್ನೂ ಮುಟ್ಟದ ಮನುಷ್ಯನ ಬಾಯಲ್ಲಿ ಈ ಮಾತು ಬರಬಾರದು, ನಿಜ. ಆದರೆ ನಡೆದದ್ದು ನಡೆದು ಹೋಗಿದೆ.

ಇದಕ್ಕೆಲ್ಲ ಕಾರಣ ಮಾರುತಿ. ಅವನು ಕೃಷ್ಣೆಯ ಅಂಬಿಗ. ಸಾಂಗಲಿಯ ದಡದಿಂದ ಸಾಂಗಲವಾಡಿಯ ದಡಕ್ಕೆ ಜನರನ್ನೂ ಚೀಲಗಳನ್ನೂ ಒಯ್ಯುವುದು ಅವನ ಅಜ್ಜನ ಕಾಲದಿಂದ ಬಂದ ಕೆಲಸ. ನಾನು ಹದಿನೈದರ ವಯಸ್ಸಿನಲ್ಲಿ ತಂದೆಯ ಅರಿಶಿನದ ಚೀಲಗಳೊಡನೆ ಮೊದಲ ಸಲ ಅವನ ನಾವೆ ಹತ್ತಿದವನು ಹೆದರಿ ಚೀಲವನ್ನೇ ಅಪ್ಪಿಕೊಂಡು ಕುಳಿತಿದ್ದೆನಂತೆ. ಇಳಿಯುವಾಗ ಮುಖ, ಕೈ, ಅಂಗಿ ಎಲ್ಲ ಹಳದಿ. 'ಏನ್ ಮದುಮಗಾ, ಹೆಣ್ಣ ಎಲ್ಲೈತಿ?' ಎಂದು ಮಾರುತಿ ಕೇಳಿದ. ನಮ್ಮ ಸ್ನೇಹ ಅಲ್ಲಿಂದ ಶುರುವಾದದ್ದು. ಪೇಟೆಯಲ್ಲಿ ನಾಲ್ಕು ಜನರ ಮುಂದೆ ನನ್ನನ್ನು 'ಸಾವ್ಕಾರ್ರ' ಎನ್ನುತ್ತಿದ್ದ. ಹೊಳೆಯ ಮೇಲೆ ಇಬ್ಬರೇ ಇದ್ದಾಗ 'ಲೇ ಬಸ್ಯಾ' ಎನ್ನುತ್ತಿದ್ದ. ಹೊಳೆಗೆ ಇಳಿದ ಕೂಡಲೇ ನನ್ನ ದರ್ಜೆಯೂ ಇಳಿಯುತ್ತಿತ್ತು. ನನಗೆ ಅದೇ ಹಿತವಾಗಿತ್ತು.

ಅವನ ಹೆಂಡತಿ ತಾನಿ. ಬೇಸಿಗೆಯಲ್ಲಿ ಹೊಳೆ ಸಣ್ಣದಾದಾಗ ಅವಳು ಉಸುಕಿನಲ್ಲಿ ಕೆಂಡ ಹರವಿ, ನೀರಿನಲ್ಲಿ ನೆನೆದ ಮಾವಿನ ಹಲಗೆಯೊಂದನ್ನು ಅದರ ಮೇಲಿಟ್ಟು, ಹಲಗೆಯ ಮೇಲೆ ಮೀನು ಮಲಗಿಸುತ್ತಿದ್ದಳು. ಹಲಗೆ ಕೆಳಗೆ ಕರಿಯಾಗಿ ಹೊಗೆಯಾಡುತ್ತಿತ್ತು, ಮೇಲೆ ಮೀನು ಬೇಯುತ್ತಿತ್ತು. ಗಂಡಹೆಂಡತಿ ಅದನ್ನು ತಿನ್ನುವಾಗ ನಾನು ಗಾಳಿ ಬರುವ ಕಡೆಗೆ ಕುಳಿತು, ಗೌರಕ್ಕ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಚಟ್ನಿ ತಿನ್ನುತ್ತಿದ್ದೆ. ಹತ್ತಾರು ವರ್ಷ ಹೀಗೆ ನೋಡಿದ್ದರಿಂದ ಆ ಅಡುಗೆ ನನಗೂ ಬರುತ್ತದೆಂಬ ಭ್ರಮೆ ನನ್ನೊಳಗೆ ಸದ್ದಿಲ್ಲದೆ ಬೆಳೆದಿತ್ತು.

ಆಮೇಲೆ ಹೊಳೆಗೆ ಸೇತುವೆಯಾಯಿತು. ಆ ದಿನದ ಸಂಗತಿ ಹೇಳಲು ನನಗೆ ನಾಚಿಕೆ, ಆದರೂ ಹೇಳುತ್ತೇನೆ. ಮಳೆಗಾಲದಲ್ಲಿ ಇನ್ನು ಗಾಡಿಗಳು ನಿಲ್ಲುವುದಿಲ್ಲವೆಂಬ ಸಂತೋಷದಲ್ಲಿ ನಾನು ಅಂಗಡಿಯ ಮುಂದೆ ನಿಂತು ಬಂದವರಿಗೆಲ್ಲ ಸಕ್ಕರೆ ಹಂಚಿದೆ. ಮಾರುತಿಯೂ ಬಂದ. ಅವನ ಬೊಗಸೆಗೂ ಹಾಕಿದೆ. ಅವನು ಒಂದು ಕ್ಷಣ ಸಕ್ಕರೆಯನ್ನು ನೋಡಿ, 'ಛಲೋ ಆತು ಬಿಡ್ರಿ, ಸಾವ್ಕಾರ್ರ' ಎಂದು ಟವೆಲಿನ ಅಂಚಿಗೆ ಕಟ್ಟಿಕೊಂಡು ಹೋದ. ನಾನು ಮುಂದಿನವನಿಗೆ ಹಂಚಿದೆ. ನಾನು ಮಾಡಿದ್ದೇನೆಂದು ನನಗೆ ಹೊಳೆದದ್ದು ಎಂಟು ದಿನದ ಮೇಲೆ, ಅವನ ನಾವೆ ದಡದಲ್ಲಿ ಬೋರಲು ಬಿದ್ದದ್ದನ್ನು ಕಂಡಾಗ. ವ್ಯಾಪಾರದಲ್ಲಿ ನನ್ನ ತಲೆ ಚುರುಕು ಎನ್ನುತ್ತಾರೆ. ಉಳಿದ ವಿಷಯಗಳಲ್ಲಿ ಅದು ಎಂಟು ದಿನ ತಡ.

ಮಾರುತಿ ನಮ್ಮ ಅಂಗಡಿಯಲ್ಲೇ ಚೀಲ ಹೊರತೊಡಗಿದ. ಹೊಳೆಯ ಮೇಲಿದ್ದ 'ಲೇ ಬಸ್ಯಾ' ನಿಂತುಹೋಯಿತು; ದಿನವಿಡೀ 'ಸಾವ್ಕಾರ್ರ'. ತಾನಿ ಒಂದು ಜ್ವರದಲ್ಲಿ ತೀರಿಕೊಂಡಳು. ಮಗಳು ಶೇವಂತಿ ಮದುವೆಯಾಗಿ ಬೇಡಗಕ್ಕೆ ಹೋದಳು. ಒಂದು ವರ್ಷ ಶ್ರಾವಣದ ಹೊತ್ತಿಗೆ ಮಾರುತಿಗೆ ಅನ್ನ ಇಳಿಯದಂತಾಯಿತು. ಟಾಂಗಾ ಮಾಡಿಕೊಂಡು ಮಿರಜದ ದವಾಖಾನೆಗೆ ಒಯ್ದೆ. ಆರು ಮೈಲಿನಲ್ಲಿ ಒಬ್ಬ ರಾಜನ ಸೀಮೆ ಮುಗಿದು ಇನ್ನೊಬ್ಬನದು ಶುರುವಾಗುವ ನಾಡು ನಮ್ಮದು. ಸರಹದ್ದು ದಾಟುವಾಗ ಮಾರುತಿ, 'ಜಡ್ಡು ಸಾಂಗ್ಲಿದು, ಔಷಧ ಮಿರ್ಜಿದು, ಹೊಂದತೈತೇನ್ರಿ?' ಎಂದು ನಗಿಸಿದ. ಹೊಂದಲಿಲ್ಲ. ಹೊಟ್ಟೆಯಲ್ಲಿ ಗಡ್ಡೆ ಬಹಳ ಬೆಳೆದಿದೆ, ಮನೆಗೆ ಕರೆದುಕೊಂಡು ಹೋಗಿ ಬೇಕೆಂದದ್ದನ್ನು ಕೊಡಿ ಎಂದು ಡಾಕ್ಟರರು ನನ್ನೊಬ್ಬನನ್ನೇ ಕರೆದು ಮೆಲ್ಲಗೆ ಹೇಳಿದರು. ಬರುವಾಗ ಟಾಂಗಾದಲ್ಲಿ ಮಾರುತಿ ಕುದುರೆಯ ಬಾಲವನ್ನು ನೋಡುತ್ತ ಕುಳಿತಿದ್ದ.

ಅವನನ್ನು ನಮ್ಮ ಮನೆಯ ಹಿತ್ತಲ ಕೋಣೆಯಲ್ಲಿ ಮಲಗಿಸಿದೆವು. ಗೌರಕ್ಕ ಮುಂಜಾನೆ ಗಂಜಿ ಕೊಡುತ್ತಿದ್ದಳು. ನಾನು ಅಂಗಡಿಗೆ ಹೋಗುವಾಗ ಬಾಗಿಲಲ್ಲಿ ನಿಂತು, 'ಹ್ಯಾಂಗದಿ? ಆರಾಮ?' ಎಂದು ಕೇಳಿ, ಉತ್ತರ ಬರುವ ಮೊದಲೇ ಚಪ್ಪಲಿ ಮೆಟ್ಟುತ್ತಿದ್ದೆ. ಸುಳ್ಳೇಕೆ ಹೇಳಲಿ, ಆ ಕೋಣೆಯಲ್ಲಿ ಕೂಡಲು ನನಗೆ ಧೈರ್ಯವಿರಲಿಲ್ಲ. ಕುಳಿತರೆ ಏನು ಮಾತಾಡುವುದು? ಅಂಗಡಿಯಲ್ಲಾದರೆ ತೂಗಲು ಅರಿಶಿನವಾದರೂ ಇರುತ್ತದೆ.

ಒಂದು ದಿನ ಅವನು, 'ಬಾಯಿ ಕೆಟ್ಟೈತಿ. ಹಲಗಿ ಮ್ಯಾಲಿನ ಮೀನಾ ಒಂದ ತುತ್ತ ಸಿಕ್ಕಿದ್ರ...' ಎಂದ. ಶೇವಂತಿ ಬೇಡಗದಲ್ಲಿ ಹಸಿ ಬಾಣಂತಿ, ಬರುವಂತಿರಲಿಲ್ಲ. ಖಾನಾವಳಿಯಿಂದ ತರಿಸಿದ ಮೀನಿನ ಸಾರನ್ನು ಅವನು ಮೂಸಿ ಬದಿಗಿಟ್ಟ. ಆಗ ನನ್ನ ಬಾಯಿಂದ, ನನ್ನನ್ನೂ ಕೇಳದೆ, ಮಾತು ಬಂದುಬಿಟ್ಟಿತು: 'ನಾ ಮಾಡ್ತೀನಿ. ಅದರಾಗೇನದ?'

ಗೌರಕ್ಕನಿಗೆ ಹೇಳಿದಾಗ ಅವಳು ಕಸಬರಿಗೆ ಕೈಬಿಟ್ಟು ನಿಂತಳು. 'ಕೊರಳಾಗ ಲಿಂಗ ಇಟಗೊಂಡು ಮೀನಾ ಸುಡ್ತೀರಿ?'

'ತಿನ್ನಾಂವ ನಾ ಅಲ್ಲ.'

'ನಿಮಗ ಚಾ ಮಾಡಾಕ ಬರೂದಿಲ್ರೀ!' ಎಂದಳು. ಧರ್ಮದ ಮಾತಿಗಿಂತ ಇದು ನನಗೆ ಹೆಚ್ಚು ನಾಟಿತು. ಮರುದಿನ ಎದ್ದು ನೋಡಿದರೆ ಹಿತ್ತಲ ಬಾಗಿಲಿನ ಹೊರಗೆ ಒಂದು ಹಳೆಯ ಇಕ್ಕಳ, ಕೆಂಡಕ್ಕೊಂದು ಮಣ್ಣಿನ ಪರಾತ, ಉಪ್ಪು, ಖಾರ, ಹುಣಸೆಹಣ್ಣು ಸಾಲಾಗಿ ಇದ್ದವು. 'ಇವು ಮತ್ತ ಒಳಗ ಬರಬಾರ್ದು' ಎಂದಷ್ಟೇ ಹೇಳಿದಳು. ಅರಿಶಿನ ಇಟ್ಟಿರಲಿಲ್ಲ. ಅದಕ್ಕೆ ನಮ್ಮಲ್ಲಿ ಕೊರತೆಯೇ?

ಮೀನಿನ ಸಂತೆಗೆ ನಾನು ಕೊಡೆ ಮುಖಕ್ಕೆ ಅಡ್ಡ ಹಿಡಿದು ಹೋದೆ. ಬಿಸಿಲೂ ಇರಲಿಲ್ಲ, ಮಳೆಯೂ ಇರಲಿಲ್ಲ. ಹಾಗಾಗಿ ಎಲ್ಲರೂ ನನ್ನನ್ನೇ ನೋಡಿದರು. ಹೌಸಾಬಾಯಿ ಎಂಬ ಮೀನಿನವಳು, 'ವಾಟ್ ಚುಕಲಾ ಕಾಯ, ಶೇಟ?' ಎಂದು ದಾರಿ ತಪ್ಪಿದವನನ್ನು ಕೇಳುವಂತೆ ಮರಾಠಿಯಲ್ಲಿ ಕೂಗಿದಳು. ಯಾವ ಮೀನು ಬೇಕೆಂದಳು. ಛಲೋದು ಎಂದೆ. ಎಷ್ಟು ಎಂದಳು. ಜಡ್ಡಿನವನೊಬ್ಬ ತಿನ್ನುವಷ್ಟು ಎಂದೆ. ಆಕೆಯ ನಗು ಅಲ್ಲಿಗೇ ನಿಂತಿತು. ಮುಳ್ಳು ಕಡಿಮೆಯ ಒಂದು ಮೀನು ಆರಿಸಿ, ತಾನೇ ಸ್ವಚ್ಛ ಮಾಡಿ, ಮುತ್ತುಗದ ಎಲೆಯಲ್ಲಿ ಕಟ್ಟಿಕೊಟ್ಟಳು. ಆ ಪೊಟ್ಟಣವನ್ನು ಮೈಯಿಂದ ಒಂದು ಮೊಳ ದೂರ ಹಿಡಿದು ನಡೆದೆ. ದಾರಿಯಲ್ಲಿ ಎದುರಾದ ನಮ್ಮ ಮಠದ ಅಯ್ಯನವರು, 'ಏನದು ಬಸಪ್ಪಾ?' ಎಂದರು. 'ಔಷಧರೀ' ಎಂದೆ. ಅದು ಸುಳ್ಳೆಂದು ನನಗೆ ಇಂದಿಗೂ ಅನ್ನಿಸಿಲ್ಲ.

ಮೊದಲ ಪ್ರಯತ್ನಕ್ಕೆ ಹಲಗೆಯೆಂದು ನಾನು ಆರಿಸಿದ್ದು ಸೀಮೆಎಣ್ಣೆಯ ಡಬ್ಬಿಗಳು ಬರುವ ಪೆಟ್ಟಿಗೆಯದು. ಅದನ್ನು ನೆನೆಸಲೂ ಇಲ್ಲ. ಕೆಂಡದ ಮೇಲಿಟ್ಟದ್ದೇ ತಡ, ಹಲಗೆ ಭುಗ್ಗನೆ ಹೊತ್ತಿಕೊಂಡಿತು. ನಾನು ಗಾಬರಿಯಿಂದ ಕೊಡ ನೀರು ಸುರಿದೆ. ಬೂದಿಯ ಹೊಳೆಯಲ್ಲಿ ಮೀನು ತೇಲಿ, ತನಗೆ ಜೀವ ಬಂತೇನೋ ಎಂಬಂತೆ ಮೋರಿಯ ಕಡೆಗೆ ಹೊರಟಿತು. ಇಕ್ಕಳ ಹಿಡಿದು ಅದರ ಹಿಂದೆ ಓಡಿದೆ. ಕೋಣೆಯ ಬಾಗಿಲಿನಿಂದ ಇದನ್ನೆಲ್ಲ ನೋಡುತ್ತಿದ್ದ ಮಾರುತಿ ಹೊಟ್ಟೆ ಹಿಡಿದುಕೊಂಡು ನಕ್ಕ, ಕೆಮ್ಮಿದ, ಮತ್ತೆ ನಕ್ಕ. 'ಲೇ ಬಸ್ಯಾ, ನನ್ನ ಸುಡಾಕ ಇನ್ನಾ ದಿನಾ ಅದಾವ. ಈಗ ಯಾಕ ಕಟಗಿ ಹೊತ್ತಿಸಿದಿ?'

ಎಷ್ಟೋ ವರ್ಷಗಳ ಮೇಲೆ ಆ 'ಲೇ ಬಸ್ಯಾ' ಕೇಳಿದೆ. ಮೋರಿಯ ಹತ್ತಿರ ನಿಂತು, ಹೊಗೆ ಕಣ್ಣಿಗೆ ಹೋಗಿದೆ ಎಂದು ಟವೆಲಿನಿಂದ ಒರೆಸಿಕೊಂಡೆ.

ಅಂದಿನಿಂದ ಅವನು ಗುರು, ನಾನು ಶಿಷ್ಯ. ಮಾವಿನ ಹಲಗೆಯೇ ಆಗಬೇಕು, ಹಿಂದಿನ ದಿನವೇ ನೀರಿಗೆ ಹಾಕಬೇಕು, ಕೆಂಡ ಬೂದಿ ಹೊದ್ದ ಮೇಲೆ ಇಡಬೇಕು, ಮೀನನ್ನು ತಿರುವಬಾರದು. ಮಾವಿನ ಹಲಗೆಗೆ ಎಲ್ಲಿ ಹೋಗಲಿ? ನಮ್ಮ ಅಂಗಡಿಯ ಬಾಗಿಲು ನಂಬರು ಹಾಕಿದ ಹನ್ನೆರಡು ಮಾವಿನ ಹಲಗೆಗಳನ್ನು ಒಂದರ ಪಕ್ಕ ಒಂದು ಜೋಡಿಸಿ ಮುಚ್ಚುವಂಥದು. ಏಳನೆಯದನ್ನು ತಂದು ಗರಗಸದಿಂದ ನಾಲ್ಕು ತುಂಡು ಮಾಡಿದೆ. ಬಾಗಿಲಿನ ಆ ಸಂದಿಗೆ ಗೋಣಿತಟ್ಟು ಕಟ್ಟಿದೆ. ಒಂದು ಆಡು ಗೋಣಿತಟ್ಟನ್ನು ಸರಿಸಿ ಒಳಹೊಕ್ಕು, ಅರಿಶಿನದ ರಾಶಿಯ ಮೇಲೆ ಮಲಗಿ, ಮುಂಜಾನೆ ಪೇಟೆಯ ತುಂಬ ಹಳದಿಯಾಗಿ ತಿರುಗಿತು. ಜನ ಅದಕ್ಕೆ ಕೈಮುಗಿದರಂತೆ.

ಮೀನು ಬೆಂದಿದೆಯೋ ಇಲ್ಲವೋ ತಿಳಿಯಲು ನನಗಿದ್ದ ಅಳತೆ ಬದನೆಕಾಯಿಯದು. ಬೆರಳಿನಿಂದ ಒತ್ತಿದೆ, ಬದನೆಕಾಯಿಯಾಗಿದ್ದರೆ ಬೆಂದಿದೆ ಎನ್ನಬಹುದಿತ್ತು. ಎಲೆಯ ಮೇಲೆ ಹಾಕಿ ಕೊಟ್ಟೆ. ಮಾರುತಿ ಉಗುರಿನಷ್ಟು ಬಾಯಿಗಿಟ್ಟು ಕಣ್ಣು ಮುಚ್ಚಿದ. ಬಹಳ ಹೊತ್ತು ಮುಚ್ಚಿಯೇ ಇದ್ದ.

'ಹ್ಯಾಂಗ ಆಗೇದೋ?'

'ಉಪ್ಪು ಬಾಳ ಆತು' ಎಂದ.

ಮರುದಿನ ಉಪ್ಪು ತಗ್ಗಿಸಿದೆ. 'ಸಪ್ಪಗ ಆತು' ಎಂದ. ಅದರ ಮರುದಿನ ಹುಣಸೆ ಹೆಚ್ಚಾಯಿತು. ಆಮೇಲೆ ಹೊಗೆ ಹಿಡಿಯಲಿಲ್ಲ. ಆಮೇಲೆ ಹೊಗೆ ವಿಪರೀತ ಹಿಡಿಯಿತು. ನನಗೆ ಹಟ ಹುಟ್ಟಿತು. ಮಧ್ಯಾಹ್ನವಾಯಿತೆಂದರೆ ಅಂಗಡಿಯನ್ನು ಗುಮಾಸ್ತನಿಗೆ ಒಪ್ಪಿಸಿ ಬಂದುಬಿಡುತ್ತಿದ್ದೆ. ದಿನವೂ ಹೌಸಾಬಾಯಿಯ ಮುಂದೆ ಕುಕ್ಕುರುಗಾಲಲ್ಲಿ ಕುಳಿತು ಹಿಂದಿನ ದಿನದ ತಪ್ಪು ವರದಿ ಮಾಡುತ್ತಿದ್ದೆ. ಆಕೆ ಸಲಹೆ ಕೊಡುತ್ತಿದ್ದಳು. ಕೊಡೆ ಒಯ್ಯುವುದನ್ನು ಯಾವಾಗ ಬಿಟ್ಟೆನೋ ನೆನಪಿಲ್ಲ.

ಹಲಗೆಯ ಮೇಲಿನ ಮೀನು ಅವಸರದ ಅಡುಗೆಯಲ್ಲ. ಕೆಂಡ ಕಾಯಬೇಕು, ಹಲಗೆ ಕಾಯಬೇಕು, ಅದು ಮುಗಿಯುವವರೆಗೆ ನಾವೂ ಕಾಯಬೇಕು. ಮಾರುತಿ ಮಲಗುವ ಹೊರಸನ್ನು ಬಾಗಿಲಿಗೆ ಎಳೆದು, ಅದರ ಪಕ್ಕದಲ್ಲೇ ಕೂಡುತ್ತಿದ್ದೆ. ಅವನು ಹೊಳೆಯ ಮಾತು ಹೇಳುತ್ತಿದ್ದ. ಒಂದು ದಿನ ನಾನು, 'ಅವತ್ತ ನಾ ನಿನಗ ಸಕ್ರಿ ಕೊಡಬಾರ್ದಿತ್ತೋ ಮಾರುತಿ' ಎಂದೆ.

ಅವನು ಕೆಂಡವನ್ನೇ ನೋಡುತ್ತಿದ್ದ. 'ಆ ಸಕ್ರಿ ಮನೀಗೆ ಒಯ್ದೆ. ತಾನಿ ಚಾ ಮಾಡಿದ್ಲು. ಆಕಿ ಕುಡೀಲಿಲ್ಲ.'

ನಾನು ಇಕ್ಕಳದಿಂದ ಕೆಂಡ ಕೆದಕತೊಡಗಿದೆ.

'ನಾ ಎರಡೂ ಬಟ್ಟಲಾ ಕುಡದೆ' ಎಂದ ಮಾರುತಿ. 'ಬಿಡು ಅದನ್ನ. ಅಲ್ನೋಡು, ಹಲಗಿ ಅಂಚು ಹತ್ತಾಕತ್ತೈತಿ, ನೀರ ಚಿಮಿಕ್ಸು.'

ಹೀಗೆ ಹನ್ನೆರಡು ದಿನ ನಡೆಯಿತು. ಕೊನೆಕೊನೆಗೆ ಅವನು ತಿನ್ನುತ್ತಿದ್ದದ್ದು ಒಂದು ಎಸಳು, ಆಮೇಲೆ ಬರೀ ವಾಸನೆ. ಆದರೂ ತಪ್ಪು ಹೇಳುವುದನ್ನು ಬಿಡಲಿಲ್ಲ. ಹದಿಮೂರನೆಯ ದಿನ ಬೆಳಿಗ್ಗೆ ಗೌರಕ್ಕ ಗಂಜಿ ಒಯ್ದವಳು ಬಟ್ಟಲಿನೊಡನೆ ಹಾಗೇ ತಿರುಗಿ ಬಂದಳು. 'ಅಂಗಡಿಗೆ ಹೋಗಬ್ಯಾಡ್ರಿ' ಎಂದಳು. ಹಿತ್ತಲಲ್ಲಿ ಹಲಗೆ ನೀರಿನಲ್ಲಿ ನೆನೆಯುತ್ತಿತ್ತು. ಹೊಳೆಯ ದಡಕ್ಕೆ ಅವನನ್ನು ಒಯ್ದೆವು. ಅವನ ಅಳಿಯ ಬೆಂಕಿ ಕೊಟ್ಟ. ನಾನು ನೀರಿನ ಕಡೆಗೆ ಮುಖ ಮಾಡಿ ನಿಂತಿದ್ದೆ. ಮರುದಿನ ಮಧ್ಯಾಹ್ನ ಅಭ್ಯಾಸದಂತೆ ಅಂಗಡಿಯಿಂದ ಎದ್ದು ಮನೆಗೆ ಬಂದು, ಖಾಲಿ ಹೊರಸು ಕಂಡು, ಮತ್ತೆ ಅಂಗಡಿಗೆ ಹೋಗಲು ಕಾಲು ಬಾರದೆ ಹಿತ್ತಲಲ್ಲೇ ಕುಳಿತೆ.

ತಿಂಗಳ ಮೇಲೆ ಶೇವಂತಿ ಕೂಸನ್ನು ಎತ್ತಿಕೊಂಡು ಬಂದಳು. ಗೌರಕ್ಕ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಶೇವಂತಿ, 'ಕಾಕಾ, ಅಪ್ಪ ಕಡೀಕ ಏನರ ತಿಂದ್ನೇನ್ರಿ?' ಎಂದು ಕೇಳಿದಳು.

ನನ್ನ ಎದೆಯಲ್ಲಿದ್ದ ದೂರೆಲ್ಲ ಹೊರಬಿತ್ತು. 'ಮೀನಾ ಮಾಡಿ ಕೊಟ್ಟೆವಾ. ದಿನಾ ಮಾಡಿದೆ. ನನಗ ಬರೋಬರಿ ಮಾಡಾಕ ಬರಲಿಲ್ಲ. ಒಂದ ದಿನಾನೂ ಛಲೋ ಆಗೇದ ಅನ್ನಲಿಲ್ಲ ನಿಮ್ಮಪ್ಪ. ಆ ಆಸೆ ಒಂದು ಹಂಗ ಉಳೀತು ಅವಗ.'

ಗೌರಕ್ಕ ಮೊರ ಕೆಳಗಿಟ್ಟಳು. 'ಹೇಳಬಾರ್ದಂತ ನನ್ನ ಕಡಿಂದ ಆಣಿ ಮಾಡಿಸಿದ್ರು. ಈಗ ಹೇಳ್ತೀನಿ' ಎಂದು ಶೇವಂತಿಯ ಕಡೆಗೆ ತಿರುಗಿದಳು. 'ನಿಮ್ಮಪ್ಪ ನನಗಂದ್ರು, ವೈನೀ, ತಾನಿ ಮಾಡಿದಂಗ ಆಗೇತ್ರಿ. ಆದ್ರ ಹಂಗಂದ್ರ ಇಂವಾ ಕೈ ತೊಳಕೊಂಡು ಅಂಗಡಿಗೆ ಹೊಂಟ ಬಿಡ್ತಾನ. ತಪ್ಪು ಹೇಳಿದ್ರ ನಾಳೆ ಮತ್ತ ಬಂದು ನನ್ನ ಬಾಜೂಕ ಕುಂದರ್ತಾನ, ಅಂತ.'

ಶೇವಂತಿ ಕೂಸಿನ ತಲೆಗೆ ಮುಖ ಒತ್ತಿಕೊಂಡು ಅಳತೊಡಗಿದಳು. ಗೌರಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆ ಹೊತ್ತಿನಲ್ಲಿ ಮನುಷ್ಯನಾದವನು ಸುಮ್ಮನಿರಬೇಕು, ಇಲ್ಲವೇ ತಾನೂ ಅಳಬೇಕು. ನನ್ನ ಬಾಯಿಂದ ಬಂದದ್ದು ಇದು:

'ಯಾವ ದಿನದ್ದು ಅಂದ? ಮೊದಲಿಂದು ಹಿಡದೇನು?'

ಗೌರಕ್ಕ ನನ್ನ ಮುಖವನ್ನೇ ನೋಡಿದಳು. 'ಹೊತ್ತಿಕೊಂಡ ದಿನಾ ಒಂದ ಬಿಟ್ಟು, ಎಲ್ಲಾ ದಿನದ್ದೂ' ಎಂದಳು.

ಆಮೇಲೆ ನಾನೂ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಅದು ನಾಟಕವಲ್ಲ, ಭುಜ ಅಲುಗುವಂತೆ ಅತ್ತೆ. ಆದರೆ ಇಷ್ಟು ಹೇಳಿದವನು ಇದೊಂದನ್ನು ಮುಚ್ಚಿಡುವುದೇಕೆ? ಆ ಟವೆಲಿನ ಒಳಗೆ, ಅಷ್ಟು ಅಳುವಿನ ನಡುವೆಯೂ, ನಾಳೆ ಹೌಸಾಬಾಯಿಗೆ ಈ ಸುದ್ದಿಯನ್ನು ಯಾವ ಮಾತಿನಿಂದ ಶುರುಮಾಡಲಿ ಎಂದು ಮರಾಠಿಯಲ್ಲಿ ವಾಕ್ಯ ಜೋಡಿಸುತ್ತಿದ್ದೆ.